ಮೊದಲ ಮೀಟಿಂಗಿಗೆ ಹೋಗುವ ಮುನ್ನ

ಮೈಸೂರಿನಲ್ಲಿ ಗುರುತಿನವರು ಎದುರಾಗದ ಬೀದಿ ಹುಡುಕುವುದು ಕಷ್ಟ. ನನ್ನ ಗೆಳೆಯನೊಬ್ಬ ಕುಡಿತ ಬಿಡಬೇಕೆಂದು ಮೊದಲ ಸಲ ಎ.ಎ. ಮೀಟಿಂಗಿಗೆ ಹೋದಾಗ, ತಲೆಯ ಮೇಲಿನ ಹೆಲ್ಮೆಟ್ ತೆಗೆಯದೆ ಗೇಟಿನ ಹೊರಗೇ ಇಪ್ಪತ್ತು ನಿಮಿಷ ನಿಂತಿದ್ದ. ‘ಯಾರಾದ್ರೂ ನೋಡಿದ್ರೆ?’ ಅಂದ. ವೈನ್ ಶಾಪಿನ ಮುಂದೆ ಅವನು ಹೆಲ್ಮೆಟ್ ಇಲ್ಲದೆ ನಿಂತಿದ್ದನ್ನು ಅರ್ಧ ಸರಸ್ವತಿಪುರಂ ನೋಡಿಯಾಗಿತ್ತು!

ಹಂತ 1: ಮೊದಲು ಡಾಕ್ಟರು

ದಿನಾ ಕುಡಿಯುವವರು ಹಠ ಹಿಡಿದು ಒಂದೇ ಸಲ ನಿಲ್ಲಿಸಬಾರದು. ಕೆಲವೇ ಗಂಟೆಗಳಲ್ಲಿ ಕೈ ನಡುಕ, ಬೆವರು ಶುರುವಾಗುತ್ತದೆ. ಮೊದಲೆರಡು ದಿನಗಳಲ್ಲಿ ಫಿಟ್ಸ್ ಬರಬಹುದು. ಎರಡನೆಯ ಮೂರನೆಯ ದಿನ ಇಲ್ಲದ್ದು ಕಾಣುವುದು, ಏನೇನೋ ಬಡಬಡಿಸುವುದು ಆದರೆ ಪ್ರಾಣಕ್ಕೇ ಅಪಾಯ. ಇದಕ್ಕೆ ಮೀಟಿಂಗ್ ಮದ್ದಲ್ಲ. ಕೆ.ಆರ್. ಆಸ್ಪತ್ರೆಯಲ್ಲೂ ಜೆಎಸ್‌ಎಸ್ ಆಸ್ಪತ್ರೆಯಲ್ಲೂ ಮನೋವೈದ್ಯಕೀಯ ವಿಭಾಗವಿದೆ. ‘ದಿನಕ್ಕೆ ಎಷ್ಟು?’ ಎಂದು ಕೇಳಿದಾಗ ಎರಡು ಕ್ವಾರ್ಟರನ್ನು ‘ಸ್ವಲ್ಪ’ ಅನ್ನಬೇಡಿ. ಕೊಡುವ ಮಾತ್ರೆಯ ಲೆಕ್ಕ ನಿಂತಿರುವುದೇ ಆ ಉತ್ತರದ ಮೇಲೆ.

ಮನೆಯವರಿಗೂ ಒಂದು ಮಾತು. ‘ಗೊತ್ತಾಗದಂತೆ ಊಟದಲ್ಲಿ ಬೆರೆಸಿ ಕುಡಿತ ಬಿಡಿಸಿ’ ಎಂಬ ಜಾಹೀರಾತು ನಂಬಿ ಸಾರಿಗೆ ಪುಡಿ ಹಾಕಬೇಡಿ. ಅದರಲ್ಲಿ ಏನಿದೆಯೋ ಬಲ್ಲವರಾರು? ಡೈಸಲ್ಫಿರಾಂ ಥರದ ಔಷಧಿ ಹೊಟ್ಟೆಯಲ್ಲಿರುವಾಗ ಕುಡಿದರೆ ವಾಂತಿ, ಎದೆಬಡಿತ ಶುರುವಾಗಿ ಬಿ.ಪಿ. ಕುಸಿಯಬಹುದು. ಡಾಕ್ಟರು ಅದನ್ನು ಕೊಡುವುದು ಕುಡಿಯುವವನಿಗೆ ಹೇಳಿ, ಅವನು ಒಪ್ಪಿದ ಮೇಲೆ.

ಹಂತ 2: ಗುಂಪು ಹುಡುಕುವುದು

ಎ.ಎ. ಅಂದರೆ ಆಲ್ಕೊಹಾಲಿಕ್ಸ್ ಅನಾನಿಮಸ್. 1935ರಲ್ಲಿ ಅಮೆರಿಕದ ಆಕ್ರನ್ ಊರಿನಲ್ಲಿ ಒಬ್ಬ ಷೇರು ದಲ್ಲಾಳಿ, ಒಬ್ಬ ಸರ್ಜನ್, ಇಬ್ಬರೂ ಕುಡುಕರೇ, ಎದುರುಬದುರು ಕೂತು ಮಾತಾಡಿದ್ದರಿಂದ ಹುಟ್ಟಿದ್ದು. ಭಾರತಕ್ಕೆ ಬಂದದ್ದು 1957ರಲ್ಲಿ. ಮುಂಬೈಯಲ್ಲಿರುವ ಅದರ ಭಾರತದ ಕಚೇರಿಯ ವೆಬ್‌ಸೈಟಿನಲ್ಲಿ ಊರಿನ ಹೆಸರು ಹಾಕಿ ಗುಂಪು ಹುಡುಕಬಹುದು. ಕೇಂದ್ರ ಸರ್ಕಾರದ ವ್ಯಸನಮುಕ್ತಿ ಸಹಾಯವಾಣಿ 14446ಕ್ಕೆ ಮಾಡುವ ಕರೆ ಉಚಿತ. ನಡುರಾತ್ರಿ ಮನಸ್ಸು ಕೈಕೊಟ್ಟರೆ ಟೆಲಿ ಮಾನಸ್, 14416. ಅಲ್ಲಿ ಕನ್ನಡದಲ್ಲೇ ಮಾತಾಡಬಹುದು.

ವಿಳಾಸ ಸಿಕ್ಕಿತೆಂದು ಹೊರಟುಬಿಡಬೇಡಿ, ಫೋನ್ ಮಾಡಿ. ಗುಂಪುಗಳು ಕೊಠಡಿ ಬದಲಾಯಿಸುತ್ತಿರುತ್ತವೆ. ಯಾವ ವಾರ, ಎಷ್ಟು ಹೊತ್ತಿಗೆ, ಮಾತು ಕನ್ನಡದಲ್ಲೋ ಇಂಗ್ಲಿಷಿನಲ್ಲೋ, ಮೀಟಿಂಗ್ ಓಪನ್ನೋ ಕ್ಲೋಸ್ಡೋ ಎಂದು ಕೇಳಿಕೊಳ್ಳಿ. ಓಪನ್ ಆದರೆ ಹೆಂಡತಿಯೋ ತಮ್ಮನೋ ಜೊತೆಗೆ ಬಂದು ಕೂರಬಹುದು. ಕ್ಲೋಸ್ಡ್ ಆದರೆ ಕುಡಿತ ಬಿಡಬೇಕೆಂದಿರುವವರಿಗೆ ಮಾತ್ರ. ಎ.ಎ. ಗುಂಪುಗಳು ಚರ್ಚಿನ, ಶಾಲೆಯ ಕೊಠಡಿಗಳಲ್ಲಿ ಸೇರುವುದು ಸಾಮಾನ್ಯ. ಚರ್ಚ್ ಅಂದಕೂಡಲೇ ಮತಾಂತರದ ಗುಮಾನಿ ಬೇಡ; ಕೊಠಡಿಯಷ್ಟೇ ಅವರದು.

ಹಳ್ಳಿ ಕಡೆಯವರಿಗೆ ಇನ್ನೊಂದು ದಾರಿಯಿದೆ. ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆಯವರು ಮದ್ಯವರ್ಜನ ಶಿಬಿರ ಮಾಡುತ್ತಾರೆ. ಶಿಬಿರ ಮುಗಿಸಿದವರು ಆಮೇಲೂ ಸೇರಲೆಂದು ನವಜೀವನ ಸಮಿತಿಗಳಿವೆ. ನನ್ನ ಕೇಳಿದರೆ ಶಿಬಿರಕ್ಕಿಂತ ಈ ಸಮಿತಿಯೇ ಮುಖ್ಯ. ಶಿಬಿರದಲ್ಲಿ ಬಿಟ್ಟವನು ವಾಪಸು ಬರುವುದು ಅದೇ ಬೀದಿಗೆ, ಅದೇ ಸ್ನೇಹಿತರ ನಡುವಿಗೆ ತಾನೆ?

ಹಂತ 3: ಗೇಟು ದಾಟುವುದು

ಮೊದಲ ಪೆಗ್ಗಿನ ಹೊತ್ತೂ ಮೀಟಿಂಗಿನ ಹೊತ್ತೂ ಹೆಚ್ಚುಕಮ್ಮಿ ಒಂದೇ. ಹಾಗಾಗಿ ಕೆಲಸ ಮುಗಿಸಿ ನೇರವಾಗಿ ಹೊರಡಿ, ನಡುವೆ ‘ಹತ್ತು ನಿಮಿಷ ಮನೆಗೆ’ ಅನ್ನಬೇಡಿ. ದಾರಿಯಲ್ಲಿ ಎರಡು ಇಡ್ಲಿಯಾದರೂ ತಿನ್ನಿ. ಹಸಿವು, ಸಿಟ್ಟು, ಒಂಟಿತನ, ದಣಿವು, ಈ ನಾಲ್ಕರ ಬಗ್ಗೆ ಎಚ್ಚರ ಅಂತ ಎ.ಎ.ಯಲ್ಲಿ ಹೇಳುತ್ತಲೇ ಇರುತ್ತಾರೆ. ಹತ್ತು ನಿಮಿಷ ಮುಂಚೆ ಹೋಗಿ ‘ಇದೇ ಮೊದಲ ಸಲ’ ಎಂದು ಯಾರಿಗಾದರೂ ಹೇಳಿ.

ಹಂತ 4: ಒಳಗೆ

ಪೂರ್ತಿ ಹೆಸರು, ಜಾತಿ, ಕೆಲಸ ಯಾವುದನ್ನೂ ಹೇಳಬೇಕಾಗಿಲ್ಲ. ಒಬ್ಬರಾದ ಮೇಲೆ ಒಬ್ಬರು ತಮ್ಮ ಕಥೆ ಹೇಳುತ್ತಾರೆ. ನಡುವೆ ಬಾಯಿ ಹಾಕುವುದಿಲ್ಲ, ಬುದ್ಧಿ ಹೇಳುವುದಿಲ್ಲ. ನಿಮ್ಮ ಸರದಿ ಬಂದರೆ ‘ಇವತ್ತು ಕೇಳ್ತೀನಿ’ ಅಂದರೆ ಸಾಕು. ಫೀಸಿಲ್ಲ. ಕೊನೆಗೆ ಬಾಡಿಗೆಗೂ ಚಹಾಕ್ಕೂ ಒಂದು ಚೀಲವೋ ಡಬ್ಬಿಯೋ ಸುತ್ತು ಬರುತ್ತದೆ. ಹೊಸಬರು ಏನೂ ಹಾಕದಿದ್ದರೂ ನಡೆಯುತ್ತದೆ.

ಅಲ್ಲಿ ಕೇಳಿದ್ದನ್ನು ಹೊರಗೆ ಆಡುವಂತಿಲ್ಲ. ಗೆಳೆಯನೂ ನನಗೆ ಹೇಳಲಿಲ್ಲ. ಸ್ಕೂಟರಿನ ಡಿಕ್ಕಿಯಲ್ಲಿ ರೇನ್‌ಕೋಟಿನ ಮಡಿಕೆಯೊಳಗೆ ಬಾಟ್ಲಿ ಇಡುತ್ತಿದ್ದವನು ಅವನು. ‘ಬಚ್ಚಿಡೋದು ನನಗೊಬ್ಬನಿಗೇ ಗೊತ್ತು ಅಂದ್ಕೊಂಡಿದ್ದೆ ಕಣೋ,’ ಎಂದಷ್ಟೇ ಹೇಳಿ ನಕ್ಕ.

ಹಂತ 5: ಎರಡನೆಯ ಮೀಟಿಂಗ್

ಮೊದಲ ದಿನ ಹಿಡಿಸದಿದ್ದರೆ ಇನ್ನೊಂದು ಗುಂಪಿಗೆ ಹೋಗಿ. ಗುಂಪಿಂದ ಗುಂಪಿಗೆ ಧಾಟಿ ಬೇರೆ ಇರುತ್ತದೆ. ಇಬ್ಬರು ಮೂವರ ನಂಬರ್ ತೆಗೆದುಕೊಳ್ಳಿ. ಸ್ವಲ್ಪ ದಿನ ಕಳೆದ ಮೇಲೆ ಹಳಬರಲ್ಲಿ ಒಬ್ಬರನ್ನು ಸ್ಪಾನ್ಸರ್, ಅಂದರೆ ದಾರಿ ತೋರುವ ಜೊತೆಗಾರ, ಆಗಿ ಎಂದು ಕೇಳಬಹುದು. ಅವರಿಗೆ ಫೋನ್ ಮಾಡಬೇಕಾದ್ದು ಕುಡಿದ ಮೇಲಲ್ಲ, ಕುಡಿಯಬೇಕು ಅನ್ನಿಸಿದಾಗ. ಜಾರಿದರೆ ಮುಂದಿನ ಮೀಟಿಂಗಿಗೇ ಹೋಗಿ ಹಾಗೇ ಹೇಳಿ. ಆ ಕೊಠಡಿಯಲ್ಲಿ ಅದನ್ನು ಕೇಳಿ ಯಾರೂ ಹುಬ್ಬೇರಿಸುವುದಿಲ್ಲ. ಮನೆಯವರಿಗೆ ಅಲ್-ಅನಾನ್ ಎಂಬ ಬೇರೆಯೇ ಕೂಟವಿದೆ. ಕುಡಿಯುವವನು ಮೀಟಿಂಗಿಗೆ ಹೋಗಲು ಒಪ್ಪದಿದ್ದರೂ ಹೆಂಡತಿ ಅಲ್ಲಿಗೆ ಹೋಗಬಹುದು.