ಚಕ್ರದ ನಟ್ ತುಕ್ಕು ಹಿಡಿದು ಕೂತೈತೇನು? ಪೈಪ್ ಹಾಕೋ ಮೊದಲು ಇದನ್ನ ಓದ್ರಿ

ಟ್ರೇಲರ್‌ಗೆ ಮಾಲು ಹೇರಿ ಅಮರಗೋಳದ ಎಪಿಎಂಸಿಗೆ ಹೊರಡಬೇಕು ಅನ್ನುವಾಗಲೇ ಟೈರ್ ಪಂಕ್ಚರ್. ಜಾಕ್ ಐತಿ, ಪಾನಾ ಐತಿ, ಸ್ಟೆಪ್ನಿನೂ ಐತಿ. ಆದರೆ ಒಂದು ನಟ್ ಮಾತ್ರ ಜಪ್ಪಯ್ಯ ಅಂದ್ರೂ ಅಲುಗಾಡುವುದಿಲ್ಲ. ಆಗ ಬಹಳ ಜನ ಮಾಡೋದು ಎರಡೇ ಕೆಲಸ: ಪಾನಾಕ್ಕೆ ಉದ್ದನೆ ಪೈಪ್ ಸಿಕ್ಕಿಸಿ ಮೇಲೆ ಹತ್ತಿ ಜಿಗಿಯೋದು, ಇಲ್ಲಾ ನಟ್‌ಗೆ ಬೆಂಕಿ ಹಿಡಿಯೋದು. ಮೊದಲನೆಯದು ಸ್ಟಡ್ ಮುರಿಯುತ್ತದೆ, ಎರಡನೆಯದು ಜೀವಾನೇ ತೆಗೆಯಬಹುದು. ಹಿಡಿದು ಕೂತ ನಟ್‌ಗೆ ಬೇಕಾಗಿರೋದು ಶಕ್ತಿಗಿಂತ ಹೆಚ್ಚಾಗಿ ಸಮಯ.

ನಟ್ ಯಾಕೆ ಹಿಡಿಯುತ್ತದೆ?

ಕಬ್ಬಿಣ, ನೀರು, ಗಾಳಿ ಮೂರೂ ಸೇರಿದರೆ ತುಕ್ಕು. ತುಕ್ಕಾದ ಕಬ್ಬಿಣ ಮೊದಲಿಗಿಂತ ಹೆಚ್ಚು ಜಾಗ ಬೇಡುತ್ತದೆ. ನಟ್ ಮತ್ತು ಸ್ಟಡ್‌ನ ಥ್ರೆಡ್ ನಡುವೆ ಇರೋ ಕೂದಲೆಳೆಯಷ್ಟು ಸಂದಿಯಲ್ಲಿ ಅದು ಉಬ್ಬಿ ಬೆಣೆ ಹೊಡೆದಂಗೆ ಬಿಗಿಯುತ್ತದೆ.

ನಮ್ಮ ಕಡೆ ಇದಕ್ಕೆ ಕಾರಣಗಳೂ ಬಹಳ. ನವಲಗುಂದ, ಕುಂದಗೋಳ ಕಡೆಯ ಎರೆ ಮಣ್ಣು ಚಕ್ರಕ್ಕೆ ಮೆತ್ತಿಕೊಂಡರೆ ತೇವ ಬೇಗ ಬಿಡುವುದಿಲ್ಲ. ಕಲಘಟಗಿ, ಅಳ್ನಾವರ ಕಡೆ ಭತ್ತದ ಗದ್ದೆಯಲ್ಲಿ ಚಕ್ರ ಕೆಸರು ನೀರಿನಲ್ಲೇ ಓಡುತ್ತದೆ. ಗೊಬ್ಬರ ಹೇರುವ ಟ್ರೇಲರ್ ಆದರೆ ಇನ್ನೂ ಬೇಗ. ಪೊಟ್ಯಾಷ್ ಗೊಬ್ಬರದಲ್ಲಿ (ಎಂಒಪಿ) ಕ್ಲೋರೈಡ್ ಇರುತ್ತದೆ, ಅದು ಉಪ್ಪಿನ ಹಾಗೆ ತುಕ್ಕನ್ನು ಜೋರು ಮಾಡುತ್ತದೆ.

ಕೈ ಹಚ್ಚುವ ಮೊದಲು

- ಟ್ರೇಲರ್ ಖಾಲಿ ಮಾಡಿ, ಗಟ್ಟಿ ಸಮತಟ್ಟು ನೆಲದಲ್ಲಿ ನಿಲ್ಲಿಸಿ. ಟ್ರ್ಯಾಕ್ಟರ್‌ನಿಂದ ಬಿಚ್ಚಬೇಡಿ. ಹ್ಯಾಂಡ್ ಬ್ರೇಕ್ ಎಳೆದು, ಉಳಿದ ಚಕ್ರಗಳ ಹಿಂದೆ ಮುಂದೆ ಕಲ್ಲು ಕೊಡಿ.
- ಜಾಕ್ ಈಗಲೇ ಏರಿಸಬೇಡಿ. ಚಕ್ರ ನೆಲದ ಮೇಲೆ ಇರುವಾಗಲೇ ನಟ್ ಸಡಿಲ ಮಾಡಬೇಕು. ಜಾಕ್ ಮೇಲೆ ನಿಂತ ಗಾಡಿಗೆ ಜಗ್ಗಿದರೆ ಅದು ಜಾರಿ ಬೀಳಬಹುದು.
- ಉಳಿದ ನಟ್‌ಗಳನ್ನು ಪೂರ್ತಿ ಬಿಚ್ಚಿ ಇಡಬೇಡಿ. ಎಲ್ಲ ಭಾರ ಹಿಡಿದ ಒಂದೇ ಸ್ಟಡ್ ಮೇಲೆ ಬೀಳುತ್ತದೆ.
- ಹಳೆ ಲಾರಿ ಆಕ್ಸಲ್ ಹಾಕಿದ ಟ್ರೇಲರ್ ಇದ್ದರೆ ಸ್ಟಡ್ ತುದಿ ಒರೆಸಿ, ಮೊಬೈಲ್ ಟಾರ್ಚ್ ಹಾಕಿ ನೋಡಿ. ‘ಎಲ್’ ಗುರುತು ಇದ್ದರೆ ಅದು ಉಲ್ಟಾ ಥ್ರೆಡ್. ಗಡಿಯಾರದ ಮುಳ್ಳು ತಿರುಗುವ ಕಡೆಗೇ ತಿರುಗಿಸಿದರೆ ಬಿಚ್ಚುತ್ತದೆ. ಇದು ಗೊತ್ತಿಲ್ಲದೆ ಜಗ್ಗಿದರೆ ಬಿಗಿ ಮಾಡಿದಂಗೆ.

ಬಿಚ್ಚುವ ಕ್ರಮ

1. ಮಣ್ಣು, ಮೇಲಿನ ತುಕ್ಕನ್ನು ವೈರ್ ಬ್ರಷ್‌ನಿಂದ ತಿಕ್ಕಿ ತೆಗೆಯಿರಿ. ಥ್ರೆಡ್ ಕಾಣಿಸಬೇಕು.

2. ತುಕ್ಕು ಸಡಿಲಿಸುವ ಸ್ಪ್ರೇ ಹೊಡೆಯಿರಿ. ಅದಿಲ್ಲದಿದ್ದರೆ ಡೀಸೆಲ್‌ಗೆ ಸ್ವಲ್ಪ ಇಂಜಿನ್ ಆಯಿಲ್ ಬೆರೆಸಿ ಸ್ಟಡ್ ಬುಡಕ್ಕೆ ಹನಿ ಹನಿ ಬಿಡಿ. ಟೈರ್ ಮೇಲೆ, ಬ್ರೇಕ್ ಡ್ರಮ್ ಒಳಗೆ ಹೋಗದಂತೆ ನೋಡಿಕೊಳ್ಳಿ.

3. ನಟ್‌ನ ಬದಿಗೆ ಸುತ್ತಿಗೆಯಿಂದ ಸಣ್ಣಗೆ ನಾಲ್ಕಾರು ಏಟು ಹಾಕಿ. ಥ್ರೆಡ್ ಮೇಲೆ ಹೊಡೆಯಬೇಡಿ. ಈ ನಡುಕಕ್ಕೆ ತುಕ್ಕು ಬಿರುಕು ಬಿಟ್ಟು ಎಣ್ಣೆ ಒಳಗೆ ಇಳಿಯುತ್ತದೆ.

4. ಬಿಟ್ಟುಬಿಡಿ. ಕನಿಷ್ಠ ಅರ್ಧ ಗಂಟೆ. ಬಹಳ ಹಿಡಿದಿದ್ದರೆ ಸಂಜೆ ಎಣ್ಣೆ ಬಿಟ್ಟು ಬೆಳಿಗ್ಗೆ ಕೈ ಹಚ್ಚಿ.

5. ಅಳತೆಗೆ ಸರಿಯಾಗಿ ಕೂರುವ ಆರು ಮೂಲೆಯ ಬಾಕ್ಸ್ ಪಾನಾ ಹಾಕಿ. ಸಡಿಲ ಪಾನಾ ನಟ್‌ನ ಮೂಲೆ ತಿಂದುಬಿಟ್ಟರೆ ಕೆಲಸ ಕೆಟ್ಟಂಗೆ. ಸಾದಾ ಥ್ರೆಡ್ ಇದ್ದರೆ ಪಾನಾದ ಹಿಡಿ ನಿಮ್ಮ ಎಡಕ್ಕೆ ಅಡ್ಡ ಇರಲಿ, ಕೆಳಕ್ಕೆ ಒತ್ತಿ. ಮೇಲಕ್ಕೆ ಎತ್ತಿದರೆ ಸೊಂಟ ಹಿಡಿಯುತ್ತದೆ.

6. ಮೊದಲು ಒಂದು ಕೂದಲೆಳೆ ಬಿಗಿ ಮಾಡಿ, ಆಮೇಲೆ ಬಿಚ್ಚಿ. ‘ಟಕ್’ ಅಂತ ಸದ್ದು ಬಂದರೆ ತುಕ್ಕು ಬಿಟ್ಟಿದೆ ಅಂತ ತಿಳಿಯಿರಿ. ಕಾಲು ಸುತ್ತು ಬಿಚ್ಚಿ, ಅರ್ಧದಷ್ಟು ವಾಪಸ್ ತಿರುಗಿಸಿ, ಮತ್ತೆ ಎಣ್ಣೆ ಹಾಕಿ. ಹೀಗೆ ಹಿಂದೆ ಮುಂದೆ ಮಾಡುತ್ತಾ ಹೊರಗೆ ತನ್ನಿ.

ಪೈಪ್ ಹಾಕಬಹುದಾ? ಹಾಕಬಹುದು, ಆದರೆ ಲೆಕ್ಕ ಇರಲಿ. ಏತದ ತತ್ವವೇ ಇಲ್ಲೂ. 1 ಅಡಿ ಪಾನಾವನ್ನು ಪೈಪ್‌ನಿಂದ 3 ಅಡಿ ಮಾಡಿದರೆ ಅಷ್ಟೇ ಒತ್ತಡಕ್ಕೆ ಮೂರು ಪಟ್ಟು ತಿರುಚುವ ಬಲ ಬೀಳುತ್ತದೆ. ಮೇಲಿನ ಎಲ್ಲ ಹಂತ ಮುಗಿದ ಮೇಲೆ, ಕೈಯಿಂದ ನಿಧಾನಕ್ಕೆ ಒತ್ತಿ. ಮೇಲೆ ನಿಲ್ಲೋದು, ಜಿಗಿಯೋದು ಬೇಡ. ಪೈಪ್ ಕಳಚಿದರೆ ಬೀಳೋದು ನೀವೇ.

ಬೆಂಕಿ ಬೇಡವೇ ಬೇಡ

ಟೈರ್ ಇರುವ ಚಕ್ರಕ್ಕೆ ಗ್ಯಾಸ್ ಕಟರ್, ವೆಲ್ಡಿಂಗ್ ಹಚ್ಚಬೇಡಿ. ರಿಮ್ ಕಾದರೆ ಒಳಗಿನ ಗಾಳಿಯ ಒತ್ತಡ ಏರುತ್ತದೆ. ಜೊತೆಗೆ ಕಾದ ರಬ್ಬರ್‌ನಿಂದ ಉರಿಯುವ ಅನಿಲ ಹುಟ್ಟಿ ಟೈರ್ ಬಾಂಬಿನಂತೆ ಸಿಡಿಯಬಹುದು. ‘ಗಾಳಿ ಬಿಟ್ಟೀನಲ್ಲ’ ಅಂದರೂ ಅಪಾಯ ಪೂರ್ತಿ ಹೋಗುವುದಿಲ್ಲ. ಮೇಲೆ ಹಾಕಿದ ಸ್ಪ್ರೇ, ಡೀಸೆಲ್ ಕೂಡ ಹೊತ್ತಿಕೊಳ್ಳುತ್ತವೆ. ಎರಡು ಸಲ ಎಣ್ಣೆ ನೆನೆಸಿದರೂ ಬಾರದ ನಟ್ಟನ್ನು ಮೆಕ್ಯಾನಿಕ್‌ಗೆ ಬಿಡಿ. ನಟ್ ಸೀಳುವ ಸಾಧನದಿಂದ ಅಥವಾ ಚೂಪು ಉಳಿಯಿಂದ ಅವರು ನಟ್ಟನ್ನಷ್ಟೇ ಒಡೆದು ತೆಗೆಯುತ್ತಾರೆ. ಹೋಗೋದು ಒಂದು ನಟ್, ಅಷ್ಟೇ.

ಬಿಚ್ಚಿದ ಮೇಲೆ

ಸ್ಟಡ್‌ನ ಥ್ರೆಡ್ ತಿಂದಿದ್ದರೆ, ಬಾಗಿದ್ದರೆ ಬದಲಿಸಿ. ಅಂಗಡಿಗೆ ಹೋಗುವಾಗ ಹಳೇ ನಟ್, ಸ್ಟಡ್ ಒಯ್ಯಿರಿ. ಸ್ಟಡ್ ಇನ್ನೂ ಚಕ್ರದಲ್ಲೇ ಇದ್ದರೆ ಪಕ್ಕಕ್ಕೆ ಸ್ಕೇಲ್ ಇಟ್ಟು ಫೋಟೋ ಹೊಡೆದುಕೊಳ್ಳಿ. ‘ಒಂದು ನಟ್ ಇಲ್ಲದಿದ್ರೂ ನಡೀತದ’ ಅಂತ ಲೋಡ್ ಹೇರಿ ಬೈಪಾಸ್ ಹತ್ತಬೇಡಿ. ಒಂದು ಇಲ್ಲದಿದ್ದರೆ ಉಳಿದವುಗಳ ಮೇಲೆ ಭಾರ ಹೆಚ್ಚಿ ಅವೂ ಸಡಿಲಾಗುತ್ತವೆ. ಕಳಚಿ ಉರುಳುವ ಚಕ್ರ ಎದುರಿಗೆ ಬರುವ ಬೈಕ್ ಸವಾರನನ್ನು ನೋಡುವುದಿಲ್ಲ.

ವಾಪಸ್ ಹಾಕುವಾಗ ಥ್ರೆಡ್ ಸ್ವಚ್ಛ ಇರಲಿ. ನಟ್ ರಿಮ್‌ಗೆ ಕೂರುವ ಮುಖಕ್ಕೆ ಗ್ರೀಸ್ ತಾಗಿಸಬೇಡಿ. ಥ್ರೆಡ್‌ಗೆ ಎಣ್ಣೆ ಹಚ್ಚಬೇಕೋ ಬೇಡವೋ ಅನ್ನೋದನ್ನು ಕಂಪನಿಯ ಪುಸ್ತಕ ನೋಡಿ ಮಾಡಿ. ಎದುರು ಬದುರು ನಟ್‌ಗಳನ್ನು ಸ್ವಲ್ಪ ಸ್ವಲ್ಪವೇ ಬಿಗಿಯುತ್ತಾ ಬನ್ನಿ. ಒಂದು ತಾಸು ಓಡಿಸಿದ ಮೇಲೆ ನಿಲ್ಲಿಸಿ, ಮತ್ತೊಮ್ಮೆ ಪಾನಾ ಹಾಕಿ ನೋಡಿ.

ಕೊನೆಯದಾಗಿ: ಮುಂಗಾರಿಗೆ ಮೊದಲು ಒಮ್ಮೆ, ಹಿಂಗಾರಿ ಬಿತ್ತನೆ ಮುಗಿದ ಮೇಲೆ ಒಮ್ಮೆ, ಪ್ರತಿ ನಟ್ಟನ್ನೂ ಒಂದೊಂದಾಗಿ ಬಿಚ್ಚಿ, ತಿಕ್ಕಿ, ವಾಪಸ್ ಬಿಗಿಯಿರಿ. ಗೊಬ್ಬರ ಹೇರಿದ ದಿನ ಚಕ್ರಕ್ಕೆ ನೀರು ಹೊಡೆದು ತೊಳೆಯಿರಿ. ಮೊಬೈಲ್‌ನಲ್ಲಿ ಈಗಲೇ ರಿಮೈಂಡರ್ ಇಟ್ಟುಕೊಳ್ರಿ. ಪುರುಸೊತ್ತಿನ ದಿನ ಮನೆ ಅಂಗಳದಲ್ಲಿ ಅರ್ಧ ದಿನ ಹೋದರೂ ಪರವಾಗಿಲ್ಲ, ಮಾಲು ತುಂಬಿದ ಗಾಡಿ ದಾರಿಯಲ್ಲಿ ನಿಲ್ಲಬಾರದು.