ಅಡುಗೆಮನೆಯ ಅತಿಚಾರಗಳು

ವ್ರತವನ್ನು ಸ್ವೀಕರಿಸುವುದು ಬಸದಿಯಲ್ಲಿ. ಅದು ನಡೆಯುವುದೂ ಕೆಡುವುದೂ ಬಹುಮಟ್ಟಿಗೆ ಅಡುಗೆಮನೆಯಲ್ಲಿ. ಗುರುಗಳ ಮುಂದೆ ಕೈಮುಗಿದು ನಿಯಮವನ್ನು ಹೊತ್ತವರು ಒಬ್ಬರು. ಆ ನಿಯಮವನ್ನು ದಿನಕ್ಕೆರಡು ಹೊತ್ತು ಒಲೆಯ ಮುಂದೆ ನಿಂತು ಕಾಪಾಡಬೇಕಾದವರು ಮತ್ತೊಬ್ಬರು. ಶ್ರಾವಕಾಚಾರ ಗ್ರಂಥಗಳಲ್ಲಿ ಆಹಾರಕ್ಕೆ ಸಂಬಂಧಿಸಿದ ದೋಷಗಳನ್ನು ಓದುವಾಗ ಈ ಎರಡನೆಯವರನ್ನು ಮರೆಯಲಾಗದು. ಬೆಳಗಿನ ಆತುರದಲ್ಲಿ, ಯಾರೂ ನೋಡದ ವೇಳೆಯಲ್ಲಿ, ಇಂದು ಒಂದು ದಿನ ಮಾತ್ರ ಎಂದು ಹಿಡಿದ ಅಡ್ಡದಾರಿಯು ವರ್ಷ ಕಳೆಯುವುದರೊಳಗೆ ಮನೆಯ ರೂಢಿಯಾಗಿ ನಿಂತುಬಿಡುತ್ತದೆ.

ದೋಷವು ಒಮ್ಮೆಲೇ ಪೂರ್ಣರೂಪದಲ್ಲಿ ಬರುವುದಿಲ್ಲ. ಆಚಾರ್ಯ ಅಮಿತಗತಿಗಳು ಅದಕ್ಕೆ ಅತಿಕ್ರಮ, ವ್ಯತಿಕ್ರಮ, ಅತಿಚಾರ, ಅನಾಚಾರ ಎಂಬ ನಾಲ್ಕು ಹಂತಗಳನ್ನು ಹೇಳಿದ್ದಾರೆ. ಈ ನಾಲ್ಕನ್ನೂ ತಂಗಳನ್ನದ ಒಂದೇ ಪಾತ್ರೆಯಲ್ಲಿ ಕಾಣಬಹುದು. ಬೇಯಿಸಿದ ಅನ್ನಕ್ಕೂ ಬೇಳೆಗೂ ಎರಡು ಯಾಮ, ಎಂದರೆ 6 ಗಂಟೆಗಳ ಮರ್ಯಾದೆ. ಸಂಜೆ 5 ಗಂಟೆಗೆ ಇಳಿಸಿದ ಅನ್ನದ ಕಾಲಮಿತಿಯು ರಾತ್ರಿ 11ಕ್ಕೇ ಮುಗಿಯಿತು. ಮರುದಿನ ಬೆಳಗ್ಗೆ ಆ ಪಾತ್ರೆಯನ್ನು ನೋಡಿ, ಇದನ್ನು ಚೆಲ್ಲುವುದೇಕೆ ಎಂದು ಮನಸ್ಸು ಕದಡುವುದು ಅತಿಕ್ರಮ. ನಿಯಮ ನೆನಪಿದ್ದೂ ಅದರ ಬೇಲಿಯನ್ನು ದಾಟಿ ಪಾತ್ರೆಗೆ ಕೈ ನೀಡುವುದು ವ್ಯತಿಕ್ರಮ. ಒಗ್ಗರಣೆ, ಅರಿಶಿನ, ನಿಂಬೆರಸ ಬೆರೆಸಿ ಚಿತ್ರಾನ್ನ ಮಾಡಿ ಬಡಿಸುವುದು ಅತಿಚಾರ. ಬೆಳಗ್ಗೆ ಅನುಕೂಲವಾಗಲೆಂದು ಸಂಜೆಯೇ ಒಂದು ಪಾವು ಅಕ್ಕಿಯನ್ನು ಹೆಚ್ಚಾಗಿ ಇಡುವುದು ಅನಾಚಾರ. ಮೊದಲಿನ ಮೂರರಲ್ಲಿ ವ್ರತವು ಮಲಿನವಾದರೂ ಉಳಿದಿದೆ. ನಾಲ್ಕನೆಯದರಲ್ಲಿ ಅದು ಹೆಸರಿಗೆ ಮಾತ್ರ. ಚಿತ್ರಾನ್ನವು ನಿರ್ದೋಷವಾದ ಭಕ್ಷ್ಯವೇ. ಆದರೆ ಅನೇಕ ಮನೆಗಳಲ್ಲಿ ಅದು ತಂಗಳನ್ನಕ್ಕೆ ಉಡಿಸಿದ ಹಳದಿ ಸೀರೆಯಾಗಿದೆಯೆಂಬುದು ಗೃಹಿಣಿಯರಿಗೆ ತಿಳಿಯದ ವಿಷಯವಲ್ಲ.

ನೀರಿನ ವಿಚಾರವು ಇದಕ್ಕಿಂತ ಸೂಕ್ಷ್ಮವಾದುದು. ಪಂಡಿತ ಆಶಾಧರರು 13ನೆಯ ಶತಮಾನದಲ್ಲಿ ರಚಿಸಿದ ಸಾಗಾರಧರ್ಮಾಮೃತದಲ್ಲಿ ಜಲಗಾಲನದ ದೋಷಗಳನ್ನು ಹೆಸರಿಸಿದ್ದಾರೆ: ಕಾಲ ಮೀರಿದರೂ ಮರಳಿ ಸೋಸದಿರುವುದು, ಅಯೋಗ್ಯವಾದ ಬಟ್ಟೆಯಲ್ಲಿ ಸೋಸುವುದು, ಸೋಸಿ ಉಳಿದುದನ್ನು ಬೇರೆ ಜಲಾಶಯಕ್ಕೆ ಹಾಕುವುದು. ಇಂದಿನ ಮನೆಗಳಲ್ಲಿ ಈ ಮೂರೂ ಒಂದೇ ಕಡೆ ಸೇರಿವೆ. ಅದು ನಲ್ಲಿಯ ಬಾಯಿಗೆ ಕಟ್ಟಿದ ಬಟ್ಟೆಯ ಚೀಲ. ಅದು ಅಂಗೈಯಗಲದ್ದು, ಪರಂಪರೆಯಲ್ಲಿ ಹೇಳಿದ ಅರಿವೆಯಾದರೋ 36 ಅಂಗುಲ ಉದ್ದ, 24 ಅಂಗುಲ ಅಗಲದ್ದು, ಎರಡು ಪದರ ಮಡಿಸಿದುದು. ನಲ್ಲಿಯ ಚೀಲ ಹಗಲಿರುಳೂ ಒದ್ದೆಯಾಗಿರುತ್ತದೆ. ಅದರಲ್ಲಿ ಸಿಕ್ಕಿದ ಜೀವಿಗಳು ಅಲ್ಲಿಯೇ ಸಾಯುತ್ತವೆ. ಒದ್ದೆಬಟ್ಟೆಯಲ್ಲಿ ಹೊಸವು ಹುಟ್ಟುತ್ತವೆ. ತಿಂಗಳಿಗೊಮ್ಮೆ ಬಿಚ್ಚಿ ಬಚ್ಚಲಲ್ಲಿ ಜಾಡಿಸಿ ಮತ್ತೆ ಕಟ್ಟಲಾಗುತ್ತದೆ. ರಕ್ಷಣೆಗಾಗಿ ಕಟ್ಟಿದ ಬಟ್ಟೆಯು ಘಾತದ ಸ್ಥಾನವಾಗುವುದು ಹೀಗೆ.

ನೀರನ್ನು ಶುದ್ಧಮಾಡುವ ಯಂತ್ರ ಮನೆಯಲ್ಲಿರುವಾಗ ಅರಿವೆಯೇಕೆ ಎಂದು ಕಿರಿಯರು ಕೇಳುತ್ತಾರೆ. ಪ್ರಶ್ನೆ ಸಹಜವಾದುದೇ. ಯಂತ್ರವು ಕುಡಿಯುವವನನ್ನು ನೀರಿನಲ್ಲಿರುವ ಜೀವಿಗಳಿಂದ ರಕ್ಷಿಸುತ್ತದೆ. ಅರಿವೆಯು ಆ ಜೀವಿಗಳನ್ನು ಕುಡಿಯುವವನಿಂದ ರಕ್ಷಿಸುತ್ತದೆ. ಈ ಭೇದವನ್ನು ತಿಳಿಸಿದರೆ ಹತ್ತು ವರ್ಷದ ಮಗುವೂ ಅರ್ಥಮಾಡಿಕೊಳ್ಳುತ್ತದೆ. ತಿಳಿಸದೆ ಬರಿದೆ ಗದರಿಸಿದರೆ ಅರಿವೆಯು ಅಜ್ಜಿಯೊಡನೆಯೇ ಮನೆಯಿಂದ ಹೊರಟುಹೋಗುತ್ತದೆ. ಹಿಂದಿನವರು ಬಾವಿಯ ನೀರನ್ನು ಸೋಸಿ, ಅರಿವೆಯ ಮೇಲೆ ಉಳಿದುದನ್ನು ಸೋಸಿದ ನೀರಿನಿಂದಲೇ ಪಾತ್ರೆಗಿಳಿಸಿ, ತಳದಲ್ಲಿಯೂ ಕೊಂಡಿಯಿರುವ ಬಿಂದಿಗೆಯಿಂದ ಬಾವಿಯ ನೀರಿನ ಮಟ್ಟದವರೆಗೆ ಇಳಿಸಿ ಬಿಡುತ್ತಿದ್ದರು. ಮೇಲಿನಿಂದ ಸುರಿದರೆ ಬೀಳುವ ಪೆಟ್ಟಿಗೆ ಜೀವಿಗಳು ಸಾಯುವುವೆಂಬ ಎಚ್ಚರ ಅದು. ನಲ್ಲಿಯ ಮನೆಯಲ್ಲಿ ಇದು ಯಥಾವತ್ತಾಗಿ ಸಾಧ್ಯವಿಲ್ಲ. ನೀರನ್ನು ಮೊದಲು ಪಾತ್ರೆಯಲ್ಲಿ ಹಿಡಿದು, ದೊಡ್ಡ ಅರಿವೆಯಲ್ಲಿ ಸೋಸಿ, ಉಳಿದುದನ್ನು ಆ ನೀರು ಬಂದ ಸಂಪಿಗೇ ಮೆಲ್ಲನೆ ಸೇರಿಸಿ, ಅರಿವೆಯನ್ನು ಒಣಗಹಾಕುವುದು ಪೂರ್ಣ ಪರಿಹಾರವಲ್ಲದಿದ್ದರೂ ಬಚ್ಚಲ ಪಾಲುಮಾಡುವುದಕ್ಕಿಂತ ಎಷ್ಟೋ ಮೇಲು. ಸೋಸಿದ ನೀರಿಗೆ ಒಂದು ಮುಹೂರ್ತ, ಎಂದರೆ 48 ನಿಮಿಷ. ಲವಂಗಾದಿಗಳಿಂದ ರುಚಿ ಬಣ್ಣ ಬದಲಾದುದಕ್ಕೆ 6 ಗಂಟೆ. ಚೆನ್ನಾಗಿ ಕುದಿಸಿದುದಕ್ಕೆ 24 ಗಂಟೆಗಳ ಮಿತಿ. ಉದ್ಯೋಗಕ್ಕೆ ಹೋಗುವವರಿಗೆ ಕುದಿಸಿದ ನೀರೇ ಸುಲಭಮಾರ್ಗ. ಸುಲಭವಾದುದೆಲ್ಲವೂ ದೋಷವಲ್ಲ.

ದ್ವಿದಳದ ದೋಷವು ಕನ್ನಡನಾಡಿನ ಅಡುಗೆಯಲ್ಲಿ ಕಾಲಿಟ್ಟಲ್ಲೆಲ್ಲ ಎಡರುವಂಥದು. ಎರಡು ಬೇಳೆಯಾಗಿ ಒಡೆಯುವ ಧಾನ್ಯವು ಹಸಿಯ ಗೋರಸದೊಡನೆ ಸೇರಬಾರದೆಂದು ಆಶಾಧರರು ನಿಷೇಧಿಸಿದ್ದಾರೆ. ಮಜ್ಜಿಗೆಹುಳಿಗೆ ಕಡಲೆಬೇಳೆಯನ್ನು ನೆನೆಸಿ ಅರೆಯುವುದು, ಮೊಸರುವಡೆ, ಹೆಸರುಬೇಳೆಯ ಕೋಸಂಬರಿಗೆ ಕೊನೆಯಲ್ಲಿ ಒಂದು ಸೌಟು ಮೊಸರು, ಇವು ಎದ್ದುಕಾಣುವ ದೋಷಗಳು. ಕಾಣದಿರುವುದು ಮೊಸರನ್ನದ ಒಗ್ಗರಣೆಯ ಉದ್ದಿನಬೇಳೆ. ನಿಯಮವುಳ್ಳವರ ಎಲೆಯಲ್ಲಿ ಬೇಳೆಯ ಸಾರು ಉಳಿದಿರುವಾಗಲೇ ಅದರ ಮೇಲೆ ಮಜ್ಜಿಗೆ ಬಡಿಸುವುದಂತೂ ನಿತ್ಯದ ಪ್ರಮಾದ; ಎಲೆಯಲ್ಲಿ ಬೆರೆತರೇನು, ಪಾತ್ರೆಯಲ್ಲಿ ಬೆರೆತರೇನು? ಹಸಿಯೆಂಬ ಶಬ್ದವನ್ನು ಹಿಡಿದು, ಕಾಯಿಸಿದ ಹಾಲಿನ ಮೊಸರಿಗೆ ಈ ದೋಷವಿಲ್ಲವೆಂದು ವಾದಿಸುವವರುಂಟು; ಒಪ್ಪದವರೂ ಉಂಟು. ತಾನು ನಿಯಮ ಪಡೆದಾಗ ಯಾವ ಅರ್ಥದಲ್ಲಿ ಪಡೆದನೋ ಆ ಅರ್ಥದಲ್ಲಿಯೇ ನಡೆಸುವುದು ಶ್ರಾವಕನಿಗೆ ತಕ್ಕುದು. ಮಜ್ಜಿಗೆಹುಳಿಯ ಆಸೆ ಹುಟ್ಟಿದ ದಿನವೇ ವ್ಯಾಖ್ಯಾನಭೇದ ನೆನಪಾಗುವುದು ಶಾಸ್ತ್ರಜಿಜ್ಞಾಸೆಯಲ್ಲ. ಕಡಲೆಬೇಳೆಯ ಬದಲು ನೆನೆಸಿದ ಅಕ್ಕಿಯನ್ನು ತೆಂಗಿನಕಾಯಿಯೊಡನೆ ಅರೆದರೆ ಹುಳಿ ಗಟ್ಟಿಯಾಗಿಯೇ ಬರುತ್ತದೆ, ರುಚಿಗೂ ಹಾನಿಯಿಲ್ಲ.

ಇನ್ನು ಕೆನೆಯ ವಿಷಯ. ಆಚಾರ್ಯ ಸಮಂತಭದ್ರರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅಲ್ಪಫಲಕ್ಕಾಗಿ ಬಹುಘಾತವಾಗುವ ವಸ್ತುಗಳೊಡನೆ ಮೂಲಂಗಿ, ಹಸಿಶುಂಠಿಗಳಂತೆ ಬೆಣ್ಣೆಯನ್ನೂ ಎಣಿಸಿದ್ದಾರೆ. ಹಸಿಶುಂಠಿಯ ಸ್ಥಾನದಲ್ಲಿ ಒಣಶುಂಠಿಯಿದೆ. ಅಲ್ಲಿ ಹೆಚ್ಚು ಹೇಳುವುದೇನಿಲ್ಲ. ಬೆಣ್ಣೆಯನ್ನು ಕಡೆದ ಕೂಡಲೇ ಕಾಯಿಸಿ ತುಪ್ಪ ಮಾಡಬೇಕೆಂಬುದೂ ಎಲ್ಲರಿಗೂ ಗೊತ್ತು. ಆದರೆ ದಿನದಿನದ ಕೆನೆಯನ್ನು ಎಂಟು ಹತ್ತು ದಿನ ಫ್ರಿಜ್ಜಿನಲ್ಲಿ ಕೂಡಿಟ್ಟು ಒಮ್ಮೆ ಕಡೆದು, ಆ ತುಪ್ಪವನ್ನು ಮನೆಯ ಶುದ್ಧ ತುಪ್ಪವೆಂದು ಅಭಿಮಾನದಿಂದ ಬಡಿಸುವುದುಂಟು. ಮೊಸರಿನ ಮರ್ಯಾದೆ 24 ಗಂಟೆ. ಶೈತ್ಯವು ಹುಳಿಯಾಗುವುದನ್ನು ತಡಮಾಡೀತು. ಶಾಸ್ತ್ರವು ಎಣಿಸುವ ಕಾಲವನ್ನು ನಿಲ್ಲಿಸದು.

ಹಿಟ್ಟಿಗೆ ಮಳೆಗಾಲದಲ್ಲಿ 3, ಬೇಸಗೆಯಲ್ಲಿ 5, ಚಳಿಗಾಲದಲ್ಲಿ 7 ದಿನಗಳ ಮಿತಿ. ಕಾರ್ತಿಕ, ಫಾಲ್ಗುಣ, ಆಷಾಢಗಳ ಅಷ್ಟಾಹ್ನಿಕ ಪರ್ವ ಮುಗಿಯುವ ಹುಣ್ಣಿಮೆಗಳೇ ಈ ಋತುಗಳ ಗಡಿಗಳಾದುದರಿಂದ ನೆನಪಿಡುವುದು ಕಷ್ಟವಲ್ಲ. ಅಂಗಡಿಯ ಪೊಟ್ಟಣದ ಮೇಲೆ ಅಚ್ಚಾದ ತಿಂಗಳುಗಳ ಅವಧಿಯು ವ್ಯಾಪಾರದ ಲೆಕ್ಕ. ಇಂಗಿನ ಸಂಗತಿ ಇನ್ನೂ ವಿಚಿತ್ರ. ಹಿಂದೆ ಇಂಗು ಚರ್ಮದ ಚೀಲಗಳಲ್ಲಿ ಬರುತ್ತಿದ್ದುದರಿಂದ ಆಶಾಧರರು ಅದನ್ನು ಮಾಂಸತ್ಯಾಗದ ದೋಷಗಳಲ್ಲಿ ಸೇರಿಸಿದರು. ಈಗಿನದು ಪ್ಲಾಸ್ಟಿಕ್ ಡಬ್ಬಿಯಲ್ಲಿ ಬರುತ್ತದೆ, ಚರ್ಮದ ಶಂಕೆಯಿಲ್ಲ. ಆದರೆ ಪುಡಿ ಇಂಗಿನಲ್ಲಿ ಗೋಂದಿನೊಡನೆ ಮೈದಾಹಿಟ್ಟೋ ಅಕ್ಕಿಹಿಟ್ಟೋ ಬೆರೆತಿರುತ್ತದೆಂಬುದು ಡಬ್ಬಿಯ ಮೇಲೆಯೇ ಬರೆದಿದೆ. ಗೋಧಿಯನ್ನು ದಿನವೆಣಿಸಿ ಬೀಸುವ ಮನೆಯಲ್ಲಿಯೂ ತಿಂಗಳುಗಟ್ಟಲೆ ಹಳೆಯ ಹಿಟ್ಟು ಚಿಟಿಕೆ ಚಿಟಿಕೆಯಾಗಿ ಸಾರಿಗೆ ಬೀಳುತ್ತಿದೆ.

ಇವೆಲ್ಲಕ್ಕಿಂತ ಭಾರವಾದ ದೋಷವೊಂದು ಅಡುಗೆಯ ಯಾವ ಪಾತ್ರೆಯಲ್ಲಿಯೂ ಇಲ್ಲ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಉಮಾಸ್ವಾಮಿಗಳು ವ್ರತಿಯ ಲಕ್ಷಣವನ್ನು ಹೇಳುವಾಗ ಉಪವಾಸಗಳನ್ನು ಎಣಿಸಲಿಲ್ಲ. ಶಲ್ಯವಿಲ್ಲದವನೇ ವ್ರತಿಯೆಂಬುದು ಅವರ ನಿರ್ಣಯ. ಮಾಯೆ, ಮಿಥ್ಯಾತ್ವ, ನಿದಾನಗಳೆಂಬ ಮೂರು ಶಲ್ಯಗಳಲ್ಲಿ ಮಾಯೆ ಎಂದರೆ ಕಪಟ, ಮುಚ್ಚಿಡುವಿಕೆ. ಹಳೆಯ ಹಿಟ್ಟಿನ ರೊಟ್ಟಿ ಅತಿಚಾರ. ಹೊಸ ಹಿಟ್ಟೆಂದು ಹೇಳಿ ಅದನ್ನು ಬಡಿಸುವುದು ಮೈಯಲ್ಲಿ ಮುರಿದುಳಿದ ಮುಳ್ಳು.

ಒಂದು ಮನೆಯನ್ನು ಭಾವಿಸಿಕೊಳ್ಳಬಹುದು. ಅತ್ತೆ ಎರಡನೆಯ ಪ್ರತಿಮೆಯ ವ್ರತಗಳನ್ನು ಧರಿಸಿದವರು. ಸೊಸೆ ಬ್ಯಾಂಕಿನ ಉದ್ಯೋಗದವಳು. ಊರಿಗೆ ಮುನಿಗಳ ವಿಹಾರವಾಗಿದೆ. ಮನೆಯಲ್ಲಿ ಚೌಕ ಸಿದ್ಧವಾಗಿದೆ. ಮುನಿಗಳನ್ನು ಪ್ರತಿಗ್ರಹಿಸಿ ಮನ, ವಚನ, ಕಾಯಗಳ ಶುದ್ಧಿಯನ್ನೂ ಆಹಾರಜಲಗಳ ಶುದ್ಧಿಯನ್ನೂ ಎಲ್ಲರೂ ಬಾಯಿಬಿಟ್ಟು ಹೇಳಬೇಕಾದ ಗಳಿಗೆ ಸಮೀಪಿಸುತ್ತಿದೆ. ಹಿಂದಿನ ದಿನ ವಿದ್ಯುತ್ತಿಲ್ಲದೆ ಗಿರಣಿ ನಡೆಯಲಿಲ್ಲ. ಬುಟ್ಟಿಯಲ್ಲಿರುವ ರೊಟ್ಟಿ ಪೊಟ್ಟಣದ ಹಿಟ್ಟಿನದು. ಸೊಸೆ ರೊಟ್ಟಿಯ ಬುಟ್ಟಿಯನ್ನು ಚೌಕದಿಂದ ಹೊರಗಿಟ್ಟು, "ಅತ್ತೆಯವರೇ, ಈ ಹಿಟ್ಟು ಮನೆಯಲ್ಲಿ ಬೀಸಿದ್ದಲ್ಲ. ಇದನ್ನು ಬಡಿಸುವುದು ಬೇಡ" ಎಂದಳು. ಅತ್ತೆ ಒಂದು ಕ್ಷಣ ಮಾತನಾಡಲಿಲ್ಲ. ಅಂದು ಆಗಷ್ಟೇ ಇಳಿಸಿದ ಅನ್ನ, ಕಾಯಿಸಿದ ಹಾಲು, ಹಣ್ಣಿನ ರಸಗಳಿಂದ ಆಹಾರದಾನ ನಿರಂತರಾಯವಾಗಿ ನಡೆಯಿತು.

ಮುನಿಗಳು ತೆರಳಿದ ಮೇಲೆ ಅತ್ತೆ ಕೇಳಿದರು: "ಎಷ್ಟು ದಿನದಿಂದ?"

"ಶ್ರಾವಣದಿಂದ. ನಿಮಗೂ ಅದನ್ನೇ ಬಡಿಸಿದ್ದೇನೆ. ಹೇಳಲು ಹೆದರಿದೆ."

ಇಲ್ಲಿ ಯಾರ ವ್ರತಕ್ಕೆ ಎಷ್ಟು ದೋಷ? ಅರಿಯದೆ ಉಂಡವರಿಗೆ ಅಲ್ಪದೋಷವೇ. ಅರಿತು ಬಡಿಸಿದವಳಿಗೆ ಹೆಚ್ಚು. ಆದರೆ ಆಕೆ ತಾನೇ ತನ್ನನ್ನು ನಿಂದಿಸಿಕೊಂಡು ಹಿರಿಯರ ಮುಂದೆ ಆಲೋಚನೆ ಮಾಡಿದ್ದರಿಂದ ಶಲ್ಯವು ಹೊರಬಂದಿತು. ಮಗನ ಪಾಲನ್ನು ಮರೆಯುವಂತಿಲ್ಲ. ಮಾಡುವುದು, ಮಾಡಿಸುವುದು, ಅನುಮೋದಿಸುವುದು ಮೂರೂ ಸಮಾನವಾಗಿ ಎಣಿಕೆಗೆ ಬರುತ್ತವೆ; ಪೊಟ್ಟಣವನ್ನು ತಿಂಗಳು ತಿಂಗಳೂ ತಂದುಕೊಟ್ಟವನು ಅವನೇ. ಆಹಾರಶುದ್ಧಿಯ ಪ್ರವಚನಕ್ಕೆ ತಲೆದೂಗುವ ಗಂಡಸರು ನೀರಿನ ಅರಿವೆಯನ್ನು ಕೈಯಲ್ಲಿ ಹಿಡಿಯುವುದು ವಿರಳ. ಅತ್ತೆಯ ಪಾಲೂ ಇದೆ. ಸೊಸೆ ಹೆದರುವಂತೆ ಆದುದು ಹೇಗೆ?

ಅತ್ತೆ ಗದರಿಸಲಿಲ್ಲ. ಅಂದು ಸಂಜೆಯ ಪ್ರತಿಕ್ರಮಣಕ್ಕೆ ಸೊಸೆಯನ್ನೂ ಜೊತೆಗೆ ಕೂರಿಸಿಕೊಂಡರು. ತಾವು ಹೊಸದಾಗಿ ಮನೆಗೆ ಬಂದಾಗ ಬೀಸುಕಲ್ಲಿಗೆ ಬೇಸತ್ತು ಮಳೆಗಾಲದ ಹಿಟ್ಟನ್ನು ಆರು ದಿನ ನಡೆಸಿದ್ದನ್ನು, ಆಗ ಯಾರಿಗೂ ಹೇಳದಿದ್ದುದನ್ನು ಅಂದು ಮೊದಲ ಬಾರಿಗೆ ಬಾಯಿಬಿಟ್ಟು ಹೇಳಿದರು. ಮರುವಾರ ಮನೆಗೆ ವಿದ್ಯುತ್ತಿನ ಒಂದು ಚಿಕ್ಕ ಹಿಟ್ಟಿನ ಯಂತ್ರ ಬಂದಿತು. ಗೋಧಿಯನ್ನು ಹಸನುಮಾಡುವುದು ಅತ್ತೆಯ ಪಾಲಿಗೆ, ಬುಧವಾರ ಮತ್ತು ಭಾನುವಾರ ಬೀಸುವುದು ಮಗನ ಪಾಲಿಗೆ. ಬೀಸಿದ ದಿನವನ್ನು ಡಬ್ಬಿಯ ಮುಚ್ಚಳದ ಮೇಲೆ ಸೀಮೆಸುಣ್ಣದಿಂದ ಬರೆಯುವವಳು ಮೊಮ್ಮಗಳು.