ಒಣಸೀಮೆಯ ಪೇಟೆಯಲ್ಲಿ ಉದ್ದಿಮೆ: ಬಿಸಿಲಿನ ಜಮಾ–ಖರ್ಚು

ಏಪ್ರಿಲ್ ತಿಂಗಳು ಬಂತೆಂದರೆ ಇಂಡಿ, ಸಿಂದಗಿ, ಮುದ್ದೇಬಿಹಾಳ ಹಾಗೂ ಬಸವನ ಬಾಗೇವಾಡಿಯ ವರ್ತಕ ಬಾಂಧವರು ತಮ್ಮ ಊರನ್ನು ಮರುಭೂಮಿಯೆಂದು ಕರೆಯುವುದು ರೂಢಿ. ಶಾಸ್ತ್ರದ ದೃಷ್ಟಿಯಿಂದ ಈ ಮಾತು ಸರಿಯಲ್ಲ. ವರ್ಷಕ್ಕೆ 250 ಮಿ.ಮೀ.ಗಿಂತ ಕಡಿಮೆ ಮಳೆ ಬೀಳುವ ಪ್ರದೇಶವನ್ನು ಸಾಮಾನ್ಯವಾಗಿ ಮರುಭೂಮಿ ಎನ್ನುತ್ತಾರೆ. ವಿಜಯಪುರ ಜಿಲ್ಲೆಯ ಸರಾಸರಿ ಮಳೆ 600 ಮಿ.ಮೀ.ಗಳ ಆಸುಪಾಸಿನಲ್ಲಿದೆ. ಆದರೆ ಇಲ್ಲಿಯ ಬಿಸಿಲು ಮತ್ತು ಗಾಳಿ ಒಂದು ವರ್ಷದಲ್ಲಿ ಹೀರಬಲ್ಲ ನೀರು ಬೀಳುವ ಮಳೆಯ ಎರಡು ಪಟ್ಟಿಗಿಂತಲೂ ಅಧಿಕ. ಈ ಕಾರಣದಿಂದಲೇ ನಮ್ಮ ಭಾಗವನ್ನು ಅರೆಶುಷ್ಕ ಪ್ರದೇಶವೆಂದು ವರ್ಗೀಕರಿಸಲಾಗಿದೆ. ಇಂಥ ಊರಿನಲ್ಲಿ ನೆಲೆಸಿ ಉದ್ದಿಮೆ ನಡೆಸುವವನಿಗೆ ಒಣಹವೆಯಿಂದ ಬರುವ ಲಾಭವೆಷ್ಟು, ತಗಲುವ ಖರ್ಚೆಷ್ಟು ಎಂಬುದನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಬರದ ಇತಿಹಾಸವನ್ನು ವಿಸ್ತಾರವಾಗಿ ಹೇಳಬೇಕಾದ ಅಗತ್ಯವಿಲ್ಲ. 1876–78ರ ಮಹಾಕ್ಷಾಮದಲ್ಲಿ ಮುಂಬಯಿ ಪ್ರಾಂತದ ಅತಿ ಹೆಚ್ಚು ನೊಂದ ಜಿಲ್ಲೆಗಳಲ್ಲಿ ನಮ್ಮದೂ ಒಂದು. 1930ರ ದಶಕದಲ್ಲಿ ಒಣಬೇಸಾಯದ ಸಂಶೋಧನೆಗೆಂದು ದೇಶದಲ್ಲಿ ಆರಿಸಿದ ಕೆಲವೇ ಕೇಂದ್ರಗಳಲ್ಲಿ ವಿಜಯಪುರ ಸೇರಿದ್ದುದು ಇದೇ ಕಾರಣಕ್ಕೆ. 2023ರಲ್ಲಿ ರಾಜ್ಯ ಸರಕಾರವು 236 ತಾಲೂಕುಗಳ ಪೈಕಿ 223ನ್ನು ಬರಪೀಡಿತವೆಂದು ಘೋಷಿಸಿದಾಗ ನಮ್ಮ ಪೇಟೆಗಳ ಆವಕ ಏನಾಯಿತೆಂಬುದು ಪ್ರತಿಯೊಬ್ಬ ಅಡತಿ ವ್ಯಾಪಾರಿಗೂ ನೆನಪಿದೆ. ವಿಚಿತ್ರವೆಂದರೆ ಇದೇ ಸೀಮೆಯಲ್ಲಿ 2020ರ ಅಕ್ಟೋಬರದಲ್ಲಿ ಭೀಮೆಯ ಪ್ರವಾಹ ಇಂಡಿ, ಸಿಂದಗಿ ಭಾಗದ ಹಳ್ಳಿಗಳನ್ನು ನೀರಿನಲ್ಲಿ ನಿಲ್ಲಿಸಿತು. ಒಣಸೀಮೆಯ ಉದ್ದಿಮೆದಾರನು ಬರದ ಜೊತೆಗೆ ಪ್ರವಾಹದ ವಿಮೆಯ ಬಗೆಗೂ ಯೋಚಿಸಬೇಕಾಗಿದೆ.

ಒಣಹವೆಯೇ ಕಚ್ಚಾಮಾಲು

ಮಾರ್ಚ್–ಏಪ್ರಿಲ್ ತಿಂಗಳ ಮಧ್ಯಾಹ್ನ ನಮ್ಮ ಗಾಳಿಯಲ್ಲಿ ಆರ್ದ್ರತೆಯು ಶೇಕಡಾ 25ರ ಸುತ್ತಮುತ್ತ ಇರುತ್ತದೆ. ಕರಾವಳಿಯ ಉದ್ದಿಮೆದಾರನು ಇಂಥ ಗಾಳಿಯನ್ನು ಪಡೆಯಬೇಕಾದರೆ ಯಂತ್ರ ಹೂಡಿ, ಉರುವಲು ಸುಟ್ಟು ಉತ್ಪಾದಿಸಬೇಕು. ನಮಗೆ ಅದು ಪುಕ್ಕಟೆಯಾಗಿ ದೊರೆಯುತ್ತಿದೆ. ಪುಕ್ಕಟೆ ಸಿಗುವ ವಸ್ತುವನ್ನು ಲೆಕ್ಕಪುಸ್ತಕದಲ್ಲಿ ಬರೆಯುವ ವಾಡಿಕೆಯಿಲ್ಲವಾದ್ದರಿಂದ ಅದರ ಬೆಲೆ ನಮ್ಮ ಕಣ್ಣಿಗೆ ಬಿದ್ದಿಲ್ಲ.

ಒಣದ್ರಾಕ್ಷಿ, ಅಂದರೆ ಮಣೂಕದ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ಕೊಯ್ದ ಥಾಮ್ಸನ್ ಸೀಡ್‌ಲೆಸ್ ದ್ರಾಕ್ಷಿಯನ್ನು ಪೊಟ್ಯಾಸಿಯಂ ಕಾರ್ಬೋನೇಟ್ ಮತ್ತು ಡಿಪ್ಪಿಂಗ್ ಆಯಿಲ್ ಬೆರೆಸಿದ ನೀರಿನಲ್ಲಿ ಅದ್ದಿ, ನೆರಳಿನ ಶೆಡ್ಡಿನಲ್ಲಿ ಅಂತಸ್ತು ಅಂತಸ್ತಾಗಿ ಕಟ್ಟಿದ ಜಾಲರಿಗಳ ಮೇಲೆ ಹರಡುತ್ತಾರೆ. ಸುಮಾರು ಎರಡು ವಾರಗಳಲ್ಲಿ ಗಾಳಿಯೇ ಕೆಲಸ ಮುಗಿಸುತ್ತದೆ. ಸುಮಾರು ನಾಲ್ಕು ಕಿಲೋ ಹಸಿ ದ್ರಾಕ್ಷಿಗೆ ಒಂದು ಕಿಲೋ ಮಣೂಕ. ಅಂದರೆ ಮೂರು ಕಿಲೋ ನೀರನ್ನು ಗಾಳಿಯು ಕೂಲಿ ಕೇಳದೆ ಹೊತ್ತೊಯ್ಯುತ್ತದೆ. ಆದರೆ ಈ ಎರಡು ವಾರಗಳಲ್ಲಿ ಒಂದು ಅಕಾಲಿಕ ಮಳೆ ಸುರಿದರೂ ಮಾಲಿನ ಬಣ್ಣ ಕಂದಿ ಧಾರಣೆ ಕುಸಿಯುತ್ತದೆ. ಇಲ್ಲಿ ಸಿದ್ಧವಾದ ಮಾಲಿನ ಬಹಳಷ್ಟು ಭಾಗ ಮಹಾರಾಷ್ಟ್ರದ ತಾಸಗಾಂವ, ಸಾಂಗಲಿ ಪೇಟೆಗಳಿಗೆ ಹೋಗುತ್ತಿದ್ದು, ವಿಂಗಡಣೆ, ಶೀತಲಗೃಹ, ಪ್ಯಾಕಿಂಗ್ ಇವುಗಳ ಲಾಭ ಆ ಪೇಟೆಯವರ ಪಾಲಾಗುತ್ತಿದೆ. ಒಣಗಿಸುವ ಗಾಳಿ ನಮ್ಮದು, ಲಾಭದ ದಪ್ಪ ಪಾಲು ಅವರದು ಎಂಬ ಸ್ಥಿತಿ ವಿಚಾರಾರ್ಹ.

ತೊಗರಿ ಬೇಳೆಯ ಗಿರಣಿಗೂ ಇದೇ ನಿಯಮ. ಕಾಳಿಗೆ ಎಣ್ಣೆ ಸವರಿ, ಹಗಲು ಅಂಗಳದಲ್ಲಿ ಹರಡಿ, ರಾತ್ರಿ ರಾಶಿ ಹಾಕಿ, ಕೆಲವು ದಿನ ಹೀಗೆಯೇ ಮಾಡಿದರೆ ಸಿಪ್ಪೆ ಸಡಿಲಗೊಳ್ಳುತ್ತದೆ. ಬಿಸಿಲು ಕಡಿಮೆಯಾದ ತಿಂಗಳುಗಳಲ್ಲಿ ಡ್ರೈಯರ್ ಹಚ್ಚಿದವರ ಖರ್ಚಿನ ಪಟ್ಟಿಯನ್ನು ನೋಡಿದರೆ ಅಂಗಳದ ಬಿಸಿಲಿನ ಬೆಲೆ ತಿಳಿಯುತ್ತದೆ. ಖಡಕ್ ರೊಟ್ಟಿ, ಹಪ್ಪಳ, ಸಂಡಿಗೆ, ಶೇಂಗಾ ಹಿಂಡಿ ಇವೆಲ್ಲ ಒಣಹವೆಯ ಮಕ್ಕಳೇ. ಹಿಂದಿನವರು ಬಿಳಿಜೋಳವನ್ನು ನೆಲದಡಿಯ ಹಗೇವಿನಲ್ಲಿ ವರ್ಷಗಟ್ಟಲೆ ಕಾಯ್ದಿಡಲು ಸಾಧ್ಯವಾದದ್ದು ನೆಲ ಒಣಗಿದ್ದುದರಿಂದ.

ತೂಕದ ನಷ್ಟ

ಮೇಲೆ ಹೇಳಿದ ಗಾಳಿಯೇ ವ್ಯಾಪಾರಿಯ ಗೋದಾಮಿನಲ್ಲಿಯೂ ತನ್ನ ಕೆಲಸವನ್ನು ಬಿಡುವುದಿಲ್ಲ. ಶೇಕಡಾ 12ರಷ್ಟು ತೇವಾಂಶವುಳ್ಳ 100 ಕ್ವಿಂಟಲ್ ತೊಗರಿಯನ್ನು ಖರೀದಿಸಿ ಬೇಸಿಗೆ ದಾಟಿಸಿದಿರೆಂದು ಭಾವಿಸಿರಿ. ಅದರಲ್ಲಿ ಒಣ ಪದಾರ್ಥ 88 ಕ್ವಿಂಟಲ್. ತೇವಾಂಶವು ಶೇಕಡಾ 9ಕ್ಕೆ ಇಳಿದಾಗ ಈ 88 ಕ್ವಿಂಟಲ್ ಒಟ್ಟು ತೂಕದ ಶೇಕಡಾ 91 ಆಗುತ್ತದೆ. 88ನ್ನು 0.91ರಿಂದ ಭಾಗಿಸಿದರೆ 96.70 ಕ್ವಿಂಟಲ್. ಒಂದು ಕಾಳೂ ಕಳುವಾಗದೆ, ಒಂದು ಹುಳುವೂ ಮುಟ್ಟದೆ 3.30 ಕ್ವಿಂಟಲ್ ಮಾಯವಾಯಿತು. ಧಾರಣೆ ಕ್ವಿಂಟಲಿಗೆ 7,000 ರೂ. ಎಂದಿಟ್ಟುಕೊಂಡರೆ ನಷ್ಟ 23,100 ರೂ. ಅನೇಕ ಅಂಗಡಿಗಳಲ್ಲಿ ಈ ಕೊರತೆಯ ಸಂಶಯವು ಹಮಾಲರ ಮೇಲೋ ಗುಮಾಸ್ತನ ಮೇಲೋ ಬೀಳುತ್ತದೆ. ತೇವಾಂಶಮಾಪಕವನ್ನು ಇಟ್ಟುಕೊಂಡು, ಖರೀದಿಯ ದಿನದ ಅಂಕಿಯನ್ನು ಚೀಟಿಯ ಮೇಲೆ ಬರೆಯುವ ಪದ್ಧತಿ ಹಾಕಿಕೊಂಡರೆ ಹಣ ಉಳಿಯುವುದಷ್ಟೇ ಅಲ್ಲ, ನಿರಪರಾಧಿಯ ಮರ್ಯಾದೆಯೂ ಉಳಿಯುತ್ತದೆ.

ಹತ್ತಿಯ ಜಿನ್ನಿಂಗಿನಲ್ಲಿ ಅತಿಯಾದ ಒಣತನ ಇನ್ನೊಂದು ರೀತಿ ಕಾಡುತ್ತದೆ. ಅರಳೆಯ ತೇವಾಂಶವು ಶೇಕಡಾ 5ಕ್ಕಿಂತ ಕೆಳಗಿಳಿದರೆ ಎಳೆ ತುಂಡಾಗುವುದು ಹೆಚ್ಚು; ಸ್ಥಿರವಿದ್ಯುತ್ತಿನಿಂದ ಅರಳೆ ಯಂತ್ರಕ್ಕೆ ಅಂಟುತ್ತದೆ. ಸಿಮೆಂಟ್ ಇಟ್ಟಿಗೆ, ಪೈಪು ತಯಾರಿಸುವವರಿಗೆ ಮಧ್ಯಾಹ್ನದ ಎರಕವೇ ವೈರಿ: ಮೇಲ್ಮೈಯ ನೀರು ಹಾರಿ ಬಿರುಕು ಬಿಡುತ್ತದೆ. ಸಂಜೆ ಎರಕ ಹೊಯ್ದು ಹಸಿ ಗೋಣಿ ಹೊದಿಸುವುದರಿಂದ ನೀರೂ ಉಳಿಯುತ್ತದೆ. ಅಂತೆಯೇ ದಾಂಡೇಲಿಯ ಕಡೆಯಿಂದ ತಂದ ಕಟ್ಟಿಗೆಯನ್ನು ನಮ್ಮ ಹವೆಯಲ್ಲಿ ಸಾಕಷ್ಟು ದಿನ ಪಳಗಿಸದೆ ಬಾಗಿಲು ಕಟ್ಟಿದರೆ ಮೊದಲ ಬೇಸಿಗೆಯಲ್ಲಿಯೇ ಸಂದು ಬಿಡುತ್ತದೆ.

ಒಣ ಮಾಲನ್ನು ಹೊರಗೆ ಕಳಿಸುವವರಿಗೂ ಒಂದು ಮಾತು. ಸಿಂದಗಿಯಲ್ಲಿ ತಿಂಗಳುಗಟ್ಟಲೆ ಗರಿಗರಿಯಾಗಿರುವ ರೊಟ್ಟಿ ಜುಲೈ ತಿಂಗಳ ಮಂಗಳೂರಿನಲ್ಲಿ ಎರಡು ದಿನಕ್ಕೆ ಮೆತ್ತಗಾಗುತ್ತದೆ. ಪೊಟ್ಟಣವನ್ನು ಆರಿಸಬೇಕಾದದ್ದು ತಯಾರಾಗುವ ಊರಿನ ಹವೆಯನ್ನು ನೋಡಿ ಅಲ್ಲ, ಮಾರಾಟವಾಗುವ ಊರಿನ ಹವೆಯನ್ನು ನೋಡಿ.

ಬಿಸಿಲು, ದುಡಿಮೆ, ನೀರು

ಏಪ್ರಿಲ್–ಮೇ ತಿಂಗಳುಗಳಲ್ಲಿ ಉಷ್ಣತೆ 40 ಡಿಗ್ರಿ ದಾಟುವುದು ಸಾಮಾನ್ಯ. ಈ ಎರಡು ತಿಂಗಳು ಕಲಬುರಗಿ ವಿಭಾಗದ ಜಿಲ್ಲೆಗಳ ಜೊತೆಗೆ ವಿಜಯಪುರ, ಬಾಗಲಕೋಟೆಗಳಲ್ಲಿಯೂ ಸರಕಾರಿ ಕಚೇರಿಗಳನ್ನು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ನಡೆಸುವ ಪದ್ಧತಿ ಬಹುಕಾಲದಿಂದ ಬಂದಿದೆ. ಫ್ಯಾನಿನ ಕೆಳಗೆ ಕುಳಿತು ಬರೆಯುವವರಿಗೆ ಈ ಅನುಕೂಲವಿರುವಾಗ, ತಗಡಿನ ಶೆಡ್ಡಿನಡಿ ಚೀಲ ಹೊರುವವರಿಗೆ ಏಕಿಲ್ಲ ಎಂಬ ಪ್ರಶ್ನೆ ನಮ್ಮ ಮುಂದಿದೆ. ಮಧ್ಯಾಹ್ನ 2 ಗಂಟೆಯ ದುಡಿಮೆಯಲ್ಲಿ ಉತ್ಪಾದನೆ ಕಡಿಮೆ, ಅಪಘಾತ ಹೆಚ್ಚು. ಸೋಲಾಪುರ, ಪುಣೆ, ಗೋವಾಗಳಿಗೆ ಗುಳೆ ಹೋಗುವ ಕುಟುಂಬಗಳನ್ನು ಊರಿನಲ್ಲಿ ಉಳಿಸಿಕೊಳ್ಳಬೇಕೆಂದರೆ ಕೂಲಿಯ ದರದ ಜೊತೆಗೆ ಕೆಲಸದ ವೇಳೆಯನ್ನೂ ಬದಲಿಸಬೇಕಾದೀತು.

ತಂಪುಗೊಳಿಸಲು ಎಲ್ಲರೂ ಎ.ಸಿ. ಹಚ್ಚಬೇಕಾಗಿಲ್ಲ. 40 ಡಿಗ್ರಿ ಉಷ್ಣತೆ, ಶೇಕಡಾ 20 ಆರ್ದ್ರತೆಯ ಗಾಳಿಯನ್ನು ಒಳ್ಳೆಯ ಕೂಲರ್ 27–28 ಡಿಗ್ರಿಗೆ ಇಳಿಸಬಲ್ಲದು. ಇದೇ ಕೂಲರ್ ಮಂಗಳೂರಿನಲ್ಲಿ ನಿರುಪಯೋಗಿ. ತಗಡಿನ ಮೇಲೆ ಸುಣ್ಣ ಬಳಿಯುವುದು ಅದಕ್ಕಿಂತಲೂ ಅಗ್ಗ. ಸೌರ ಫಲಕಗಳ ವಿಷಯದಲ್ಲಿ ಮಾತ್ರ ಒಂದು ತಪ್ಪು ತಿಳಿವಳಿಕೆಯಿದೆ. ಬೆಳಕು ಹೆಚ್ಚಿದಷ್ಟೂ ವಿದ್ಯುತ್ ಹೆಚ್ಚು, ಆದರೆ ಶಾಖ ಹೆಚ್ಚಿದಷ್ಟೂ ಕಡಿಮೆ. ಫಲಕವು 65 ಡಿಗ್ರಿ ಕಾದರೆ, 25 ಡಿಗ್ರಿಯ ಅಳತೆಗಿಂತ ಉತ್ಪಾದನೆ ಶೇಕಡಾ 14ರಿಂದ 16ರಷ್ಟು ಇಳಿಯುತ್ತದೆ. ಧೂಳು ತೊಳೆಯಲು ಬೋರಿನ ಗಡಸು ನೀರನ್ನು ಬಳಸಿದರೆ ಬಿಳಿ ಕಲೆ ಕೂತು ಇನ್ನಷ್ಟು ನಷ್ಟ.

ಈ ಗಡಸು ನೀರೇ ಬಾಯ್ಲರಿನ ಕೊಳವೆಗಳಲ್ಲಿ ಪೊರೆ ಕಟ್ಟುತ್ತದೆ. ಜಿಲ್ಲೆಯ ಕೆಲವೆಡೆ ಅದರಲ್ಲಿ ಫ್ಲೋರೈಡ್ ಕೂಡ ಇದೆ. ಹಾಗಾದರೆ ಕೃಷ್ಣೆಯ ನೀರು ಬಂದಿತಲ್ಲ ಎಂದು ಕೇಳಬಹುದು. 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲಿಟ್ಟ ಆಲಮಟ್ಟಿ ಜಲಾಶಯ ಇಂದು 519.60 ಮೀಟರ್ ಮಟ್ಟದಲ್ಲಿ ಸುಮಾರು 123 ಟಿ.ಎಂ.ಸಿ. ನೀರನ್ನು ಹಿಡಿಯುತ್ತದೆ. ಕಾಲುವೆ ಹಾಗೂ ಏತ ನೀರಾವರಿಗಳು ಬಹಳಷ್ಟು ಹೊಲಗಳನ್ನು ಹಸಿರಾಗಿಸಿವೆ. ಕಬ್ಬು ಬಂದಿದೆ, ಸಕ್ಕರೆ ಕಾರ್ಖಾನೆಗಳು ಬಂದಿವೆ. ಇದರ ಉಪಕಾರವನ್ನು ಅಲ್ಲಗಳೆಯಲಾಗದು. ಆದರೆ ನೀರು ಬಂದಿತೆಂದು ಎಲ್ಲ ಬಂಡವಾಳವನ್ನೂ ನೀರು ಕುಡಿಯುವ ಉದ್ದಿಮೆಗಳಿಗೇ ಹೂಡುವುದು ಜಾಣತನವಲ್ಲವೆಂಬುದು ನಮ್ಮ ಅಭಿಪ್ರಾಯ. ಹೆಚ್ಚು ನೀರುಂಡ ಎರೆಭೂಮಿ ಸವಳಾಗುತ್ತದೆ. ಮಳೆ ತಪ್ಪಿದ ವರ್ಷ ಕಾಲುವೆಯ ಪಾಳಿಯೂ ತಪ್ಪುತ್ತದೆ.

ರಾಜಸ್ಥಾನದ ಬಿಕಾನೇರಿನವರು ಈ ವಿಷಯದಲ್ಲಿ ಮುಂದಿದ್ದಾರೆ. ನಿಜವಾದ ಮರುಭೂಮಿಯ ಆ ನಗರ ಭುಜಿಯಾ ಹಾಗೂ ಹಪ್ಪಳಗಳಿಂದ ದೇಶವ್ಯಾಪಿ ಹೆಸರು ಮಾಡಿತು. ಬಿಕಾನೇರಿ ಭುಜಿಯಾಕ್ಕೆ 2010ರಲ್ಲಿ ಭೌಗೋಳಿಕ ಸೂಚಕವೂ ದೊರೆಯಿತು. ಅಲ್ಲಿಗೂ ಕಾಲುವೆಯ ನೀರು ಬಂದಿದೆ, ಆದರೆ ಹಪ್ಪಳ ಒಣಗಿಸುವುದನ್ನು ಅವರು ಬಿಟ್ಟಿಲ್ಲ.

ನಮ್ಮಲ್ಲಿ ಅದಕ್ಕೆ ಸಮನಾದ ಮಾಲು ಇಂಡಿಯ ನಿಂಬೆ. ಒಣಹವೆಯಲ್ಲಿ ಕಜ್ಜಿರೋಗದ ಬಾಧೆ ಕಡಿಮೆಯಾದ್ದರಿಂದ ಕಾಯಿ ಸ್ವಚ್ಛವಾಗಿರುತ್ತದೆ. ಇದಕ್ಕೂ ಭೌಗೋಳಿಕ ಸೂಚಕ ದೊರೆತಿದೆ. 2025ರಲ್ಲಿ ಸಂಯುಕ್ತ ಅರಬ್ ಸಂಸ್ಥಾನಕ್ಕೆ ರಫ್ತೂ ಆಯಿತು. ಆದರೆ ಹಸಿ ಕಾಯಿಯು ಸಾಗಣೆಯಲ್ಲಿ ತೂಕ ಕಳೆದುಕೊಳ್ಳುತ್ತದೆ, ಮಳೆಗಾಲದ ಆವಕದಲ್ಲಿ ಧಾರಣೆಯೂ ಬೀಳುತ್ತದೆ. ಓಮಾನ್, ಇರಾಕ್, ಇರಾನ್ ಮೊದಲಾದ ದೇಶಗಳಲ್ಲಿ ನಿಂಬೆಯನ್ನು ಉಪ್ಪುನೀರಿನಲ್ಲಿ ಕುದಿಸಿ, ಕಪ್ಪಾಗುವವರೆಗೆ ಬಿಸಿಲಿಗೆ ಒಣಗಿಸಿ, ಸಾರು–ಮಾಂಸದಡಿಗೆಗಳಲ್ಲಿ ಬಳಸುತ್ತಾರೆ. ಗೋಣಿಚೀಲದಲ್ಲಿ ತಿಂಗಳುಗಟ್ಟಲೆ ಕೆಡದೆ ಉಳಿಯುವ ಈ ಸರಕನ್ನು ನಮ್ಮ ಸಣ್ಣ ಉದ್ದಿಮೆದಾರರು ತಯಾರಿಸಿ ನೋಡಬಹುದು. ಧಾರಣೆ ಬೀಳುವ ಕಾಲದಲ್ಲಿ ಮೋಡವೂ ಇರುವುದರಿಂದ ಬರಿಯ ಅಂಗಳವನ್ನು ನಂಬದೆ ಪ್ಲಾಸ್ಟಿಕ್ ಹೊದಿಕೆಯ ಸೌರ ಡ್ರೈಯರ್ ಕಟ್ಟಿಕೊಳ್ಳಬೇಕು. ಮೊದಲ ವರ್ಷ ಒಂದೆರಡು ಕ್ವಿಂಟಲ್ ಮಾತ್ರ ಒಣಗಿಸಿ, ಹಸಿ ತೂಕ, ಒಣ ತೂಕ, ತಗಲಿದ ದಿನ, ಉಪ್ಪಿನ ಖರ್ಚು ಇವನ್ನು ಬರೆದಿಟ್ಟುಕೊಂಡು, ಮಾದರಿಯನ್ನು ಕೊಲ್ಲಿ ದೇಶಗಳೊಡನೆ ವ್ಯವಹರಿಸುವ ಮುಂಬಯಿಯ ರಫ್ತುದಾರರಿಗೆ ತೋರಿಸುವುದು ಸೂಕ್ತ.